ಅಮ್ಮಣ್ಣಿಯ ಬಸ್ಸಾರು

ಮುಂಬಯಿ
೧೮-೮-೧೯೮೮

ಪ್ರೀತಿಯ ಸರಸ್ವತಿ,

ನೀನು, ವನಮಾಲಾ, ಕೂಸು ಮೂವರೂ ಹೇಗಿದ್ದೀರಿ? ಬಾಣಂತಿ ಮಗಳ ಆರೈಕೆಯಲ್ಲಿ ನಿನ್ನ ಮಂಡಿನೋವು ಮರೆಯಬೇಡ, ಎಣ್ಣೆ ಹಚ್ಚಿಕೋ. ಮೊಮ್ಮಗನಿಗೆ ನನ್ನದೇ ಮೂಗು ಎಂದು ಬರೆದಿದ್ದೆ. ಪಾಪ, ಮೂಗಿನ ಹಿಂದೆ ಮೂತ್ರಪಿಂಡವೂ ಬರದಿದ್ದರೆ ಸಾಕು. ನನ್ನದರಲ್ಲಿ ಮೂತ್ರ ಹೋಗಿ ಪಿಂಡವಷ್ಟೇ ಉಳಿದಿದೆ. ಬಿಡ್ತು ಅನ್ನು. ಪದ್ಯ ಕಟ್ಟುತ್ತಿದ್ದ ಬಾಯನ್ನು ಪಥ್ಯ ಕಟ್ಟಿಹಾಕಿದೆ.

ಗಾಬರಿಯಾಗಬೇಡ, ಇದನ್ನು ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ನೀನು ಹಾಸನಕ್ಕೆ ಹೊರಟಾಗ ಅಡುಗೆಮನೆಯನ್ನು ನನ್ನ ತಂಗಿ ಅಮ್ಮಣ್ಣಿಯ ಕೈಗೆ ಕೊಟ್ಟು ಹೋದೆಯಲ್ಲ. ಕಿಡ್ನಿ ಸೋತವನಿಗೆ ಸೊಪ್ಪು, ತರಕಾರಿಯನ್ನು ತುಂಬ ನೀರಿನಲ್ಲಿ ಬೇಯಿಸಿ, ಬಸಿದು ಕೊಡಿ ಎಂದು ಡಾಕ್ಟರು ಹೇಳಿದ್ದರು. ಅಮ್ಮಣ್ಣಿ ಚಾಚೂ ತಪ್ಪದೆ ಬಸಿದಳು. ಬಸಿದ ನೀರನ್ನು ಏನು ಮಾಡಬೇಕೆಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಹಾಸನದ ಹೆಣ್ಣುಮಗಳು ಅದನ್ನು ಮೋರಿಗೆ ಚೆಲ್ಲುತ್ತಾಳೆಯೇ? ಬೆಳ್ಳುಳ್ಳಿ, ಮೆಣಸು, ಕಾಯಿ ಅರೆದು ಹಾಕಿ ದಿನವೂ ಬಸ್ಸಾರು ಮಾಡಿದಳು. ಪುಣ್ಯಾತ್ಗಿತ್ತಿ, ಉಪ್ಪು ಮಾತ್ರ ಹಾಕಲಿಲ್ಲ. "ಸತ್ವ ಎಲ್ಲಾ ಇದ್ರಲ್ಲೇ ಇರೋದು ಅಣ್ಣಯ್ಯ, ಇನ್ನೊಂದು ಸೌಟು ಹಾಕ್ಕೋ" ಎಂದು ಬಡಿಸಿದಳು. ನಾನೂ ಸೊರ್ರನೆ ಕುಡಿದೆ.

ಸೋಮವಾರ ಬೆಳಿಗ್ಗೆ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವನ ಕಾಲು ಕುಸಿಯಿತು. ಎದೆ ಒಂದು ಸಲ ಬಡಿದರೆ ಇನ್ನೊಂದಕ್ಕೆ ಯೋಚನೆ ಮಾಡುತ್ತಿತ್ತು. ಪಕ್ಕದ ಖೋಲಿಯ ಚನ್ನಬಸಯ್ಯ ಟ್ಯಾಕ್ಸಿ ಹತ್ತಿಸಿದ. ಅಲ್ಲೂ ಏನೋ ತಮಾಷೆಗೆ ಬಾಯಿ ತೆರೆದೆ. "ಸುಮ್ನ ಕುಂದರ್ರಿ ಮಾರಾಯ್ರ, ಉಸಿರು ಉಳಿಸ್ಕೋರಿ" ಎಂದು ಗದರಿದ.

ಅಮ್ಮಣ್ಣಿ ಔಷಧಿ ತರಲು ಕೆಳಗೆ ಹೋಗಿದ್ದಾಗ ಡಾಕ್ಟರು ನನ್ನ ಊಟ ವಿಚಾರಿಸಿದರು. ಸಾರಿನ ಸಂಗತಿ ಕೇಳಿ ತಲೆ ಹಿಡಿದುಕೊಂಡರು. ಸೊಪ್ಪಿನಿಂದ ಹೊರಗೆ ಹೋಗಲಿ ಎಂದಿದ್ದ ಪೊಟ್ಯಾಸಿಯಂ ಎಲ್ಲ ಆ ನೀರಿನಲ್ಲೇ ಇರುತ್ತದಂತೆ, ರಕ್ತದಲ್ಲಿ ಏರಿದರೆ ಹೃದಯವನ್ನೇ ನಿಲ್ಲಿಸುತ್ತದಂತೆ. ಸತ್ವ ಅದರಲ್ಲೇ ಇದೆ ಎಂದು ಅಮ್ಮಣ್ಣಿ ಹೇಳಿದ್ದು ಸುಳ್ಳಲ್ಲ ನೋಡು. ಈ ಸಲ ಹೇಗೋ ಇಳಿಸಿದ್ದಾರೆ. ಆದರೆ ಕಿಡ್ನಿಯ ಕಥೆ ಮುಗಿಯಿತು ಎಂದರು. ಡಯಾಲಿಸಿಸ್ ಮೆಷಿನ್ನಿಗೆ ದೊಡ್ಡ ಸರದಿಯಿದೆ, ನನ್ನ ವಯಸ್ಸಿನವರು ಅದರ ಬಾಲದಲ್ಲಿದ್ದಾರೆ. ನನ್ನ ಸರದಿ ಬರುವಾಗ ನಾನಿರುವುದಿಲ್ಲ.

ವನಮಾಲಾಗೆ ಇದೊಂದನ್ನೂ ಹೇಳಬೇಡ, ಹಾಲು ಬತ್ತೀತು. ಕೂಸಿಗೆ ಅಜ್ಜನ ಆಶೀರ್ವಾದ. ನೀನು ಮಾತ್ರ ಹೊರಟು ಬಾ.

ಇಂತಿ ನಿನ್ನ,
ಸೀತಾರಾಮ

ಮರೆತಿದ್ದೆ: ಅಮ್ಮಣ್ಣಿ ಊಟ ಬಿಟ್ಟಿದ್ದಾಳೆ. ಆಮೇಲೆ ಡಾಕ್ಟರು ಕಾರಣ ಹೇಳದೆ ಇನ್ನು ಸಾರು ಬೇಡ ಎಂದಷ್ಟೇ ಅವಳಿಗೆ ಹೇಳಿದಾಗಿನಿಂದ "ನನ್ನ ಕೈಯಡುಗೆಯಿಂದ್ಲೇ ಹಿಂಗಾಯ್ತಾ ಅಣ್ಣಯ್ಯ?" ಎಂದು ಕೇಳುತ್ತಲೇ ಇದ್ದಾಳೆ. ಡಾಕ್ಟರು ಮುಟ್ಟಬೇಡ ಎಂದಿದ್ದ ಬಾಳೆಹಣ್ಣನ್ನು ಸಂಜೆ ಅಡ್ಡಾಡಲು ಹೋದಾಗಲೆಲ್ಲ ಕದ್ದು ತಿಂದೆ, ಅದರಿಂದ ಎಂದಿದ್ದೇನೆ. ಜೀವಮಾನವೆಲ್ಲ ಸುಳ್ಳು ಹೇಳಿ ನಗಿಸಿದವನನ್ನು ಅವಳು ನಂಬುತ್ತಿಲ್ಲ. ಅತ್ತಿಗೆ ಬರಲಿ, ಕೇಳುತ್ತೇನೆ ಎನ್ನುತ್ತಾಳೆ. ಇದನ್ನು ಓದಿ ಒಲೆಗೆ ಹಾಕು. ಬಂದವಳೇ, ಅವಳ ಎದುರಿಗೇ, ಬಾಳೆಹಣ್ಣು ತಿಂದದ್ದಕ್ಕೆ ನನ್ನನ್ನು ಚೆನ್ನಾಗಿ ಬೈಯಿ. ನಾನು ಹೋದ ಮೇಲೂ ಆಗಾಗ ಬೈಯುತ್ತಿರು, ಅವಳಿಗೆ ಕೇಳುವ ಹಾಗೆ.