ಶೀಟಿನ ಮೇಲೆ ನಿಮ್ಮಪ್ಪ

ಸನತ್‌ನಗರ, ಹೈದರಾಬಾದ್
೧೧ ಆಗಸ್ಟ್ ೨೦೨೫, ಶ್ರಾವಣ ಸೋಮವಾರ

ಸಿಟ್ಟು ಮಾಡಿಕೊಂಡು ಸಿಕಂದರಾಬಾದಿನಲ್ಲಿ ಕೂತಿರುವ ಮಗಳು ಸುವರ್ಣಾಗೆ ನಿನ್ನ ಅವ್ವನ ಆಶೀರ್ವಾದ.

ಫೋನ್ ಮಾಡಿದರೆ ನಾನು ಎರಡನೇ ಮಾತಿಗೆ ಬೈಯುತ್ತೇನೆ, ನೀನು ಮೂರನೇ ಮಾತಿಗೆ ಕಟ್ ಮಾಡುತ್ತೀ. ಅದಕ್ಕೇ ಕಾಗದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಕೋಳಿ ಕೆದರಿದ ಹಾಗಿದೆ ಅಂತ ನಗಬೇಡ. ಪೂರ್ತಿ ಓದು.

ಲೋಕಲ್ ರೈಲಿನ ಕಿಟಕಿಯಿಂದ ನಮ್ಮ ಮನೆ ನೋಡಿದೆಯಂತೆ. ಛಾವಣಿಗೆ ಹಾಸಿದ ಫ್ಲೆಕ್ಸಿನಲ್ಲಿ ನಿಮ್ಮಪ್ಪನ ಮುಖ, ಎದೆಯ ಮೇಲೆ ಹಳೇ ಟೈರು, ಗಲ್ಲದ ಹತ್ತಿರ ಇಟ್ಟಂಗಿ. “ಅಪ್ಪನ್ನ ಸೋರೋ ಮನಿಗೆ ತೇಪಿ ಹಚ್ಚೀಯೇನವಾ, ಡಬ್ಬಿ ತುಂಬ ಮಂದಿ ನೋಡಾಕತ್ತಿದ್ರು” ಅಂತ ಫೋನಿನಲ್ಲಿ ಚೀರಿದೆ. ಅದನ್ನು ತೆಗೆಯುವ ತನಕ ಈ ಹೊಸ್ತಿಲು ತುಳಿಯುವುದಿಲ್ಲ ಅಂದೆ. ಶ್ರಾವಣ ಅರ್ಧ ಕಳೆಯಿತು, ನೀನು ಬರಲಿಲ್ಲ.

ಚೆಂದ ಕಾಣುತ್ತಿತ್ತು ಅಂತ ನಾನೂ ಹೇಳುವುದಿಲ್ಲ. ಎದುರು ಮನೆ ಬಂಡೆಮ್ಮ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ, “ಗುಂಡಕ್ಕಾ, ನಿಮ್ಮ ಯಜಮಾನ್ರು ಬಿಸಲು ಕಾಯಾಕತ್ತಾರ, ಒಂದು ಛತ್ರಿ ಹಿಡೀಬಾರ್ದ” ಅಂತ ನಕ್ಕಳು. “ನಮ್ಮವ್ರು ಮನಿ ಮ್ಯಾಲರ ಅದಾರ, ನಿಮ್ಮವ್ರು ಎಲ್ಲದಾರ ಅಂತ ನಿನಗರ ಗೊತ್ತೈತೇನು” ಅಂದೆ. ಹಸಿ ಬಟ್ಟೆ ಬಕೆಟ್ಟಿನಲ್ಲೇ ಬಿಟ್ಟು ಕೆಳಗಿಳಿದಳು.

ಆದದ್ದು ಇಷ್ಟು. ಮಂಗ ಹಾರಿ ಸಿಮೆಂಟ್ ಶೀಟು ಒಂದು ಒಡೆಯಿತು. ನಮ್ಮೂರ ಕಡೆಯ ಗೌಂಡಿ ಹುಲಗೇಶ ಬಂದು ಒಡೆದದ್ದನ್ನು ತೆಗೆದ. ಹೊಸದು ತರುವಷ್ಟರಲ್ಲಿ ಮಳೆ ಹಿಡಿಯಿತು. ಮುಚ್ಚಲು ಕೈಗೆ ಸಿಕ್ಕಿದ್ದು ಆ ಫ್ಲೆಕ್ಸು, ಹೋದ ವರ್ಷ ನಿಮ್ಮಪ್ಪ ತೀರಿಕೊಂಡಾಗ ಶ್ರದ್ಧಾಂಜಲಿ ಅಂತ ತೆಲುಗಿನಲ್ಲಿ ಬರೆಸಿ ಓಣಿಯ ಬಾಯಿಗೆ ಕಟ್ಟಿದ್ದು. ಇಲ್ಲಿ ಎಲ್ಲರ ಮನೆಯ ಮೇಲೂ ಇಂಥವೇ ಇವೆ, ಮದುವೆಯವು, ಲೀಡರುಗಳವು. ಮುಖ ಕೆಳಗೆ ಮಾಡಿ ಹಾಸುತ್ತಾರೆ. ಹುಲಗೇಶನಿಗೆ ಕೈ ಬರಲಿಲ್ಲ. “ಯಜಮಾನ್ರನ್ನ ಬೋರಲ ಮಲಗಸೂದು ಬ್ಯಾಡ್ರಿ ಅವ್ವಾರ” ಅಂದ. ನನಗೂ ಸರಿ ಅನ್ನಿಸಿತು. ಸತ್ತವರನ್ನು ಕೂರಿಸಿ ಮಣ್ಣು ಮಾಡುವ ಮಂದಿ ನಾವು. ಬೋರಲು ಹಾಕುವುದೆಂದರೇನು.

ನೀನು ಚೀರಿದ ಮೇಲೆ ಸಿಟ್ಟಿನಲ್ಲಿ ಹುಲಗೇಶನನ್ನು ಕರೆಸಿ, ತಿರುವಿ ಹಾಕು ಅಂದೆ. ಕೈ ಮುಗಿದು ತಿರುವಿದ. ಈಗ ರೈಲಿನಿಂದ ನೋಡು, ಬರೀ ಬಿಳಿ. ನಿನ್ನ ಮಾನ ಉಳಿಯಿತು.

ಅವತ್ತು ಮಧ್ಯಾಹ್ನ ಉಂಡು ಅಡ್ಡಾದೆ. ಮೋಡ ಸರಿದು ಬಿಸಿಲು ಬಿತ್ತು. ಶೀಟು ತೆಗೆದ ಜಾಗದಲ್ಲಿ ನಿಮ್ಮಪ್ಪನ ಮುಖ ಬೆಳಗಿತು. ಬಗ್ಗಿ ನನ್ನನ್ನೇ ನೋಡುತ್ತಿದ್ದಾನೆ, ಸುವರ್ಣಾ. ಕಾರ್ಖಾನೆಯಲ್ಲಿ ಜೀವಮಾನವೆಲ್ಲ ರಾತ್ರಿ ಪಾಳಿ ಮಾಡಿ ಹಗಲೆಲ್ಲ ಮುಸುಕು ಹಾಕಿ ಮಲಗಿದವನು. ಸಪ್ಪಳ ಆದೀತೆಂದು ನಾನು ಪಾತ್ರೆಯನ್ನೂ ಹೊರಗೆ ಒಯ್ದು ತೊಳೆಯುತ್ತಿದ್ದೆ. ಕಣ್ಣು ಬಿಟ್ಟ ಆ ಮುಖವನ್ನು ಹಗಲಿನಲ್ಲಿ ಇಷ್ಟು ಹೊತ್ತು ನಾನು ಯಾವಾಗ ನೋಡಿದ್ದೆ ಹೇಳು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಏಳಲಿಲ್ಲ.

ಮೋಡ ಬಂದರೆ ಹೋಗುತ್ತಾನೆ, ಬಿಸಿಲು ಬಿದ್ದರೆ ಬರುತ್ತಾನೆ. ಈಗ ನಾನು ಮೋಡಕ್ಕೂ ಬೈಯುತ್ತೇನೆ.

ನೀನು ಬಾ. ಮಧ್ಯಾಹ್ನದ ಹೊತ್ತಿಗೆ ಬಾ. ರೊಟ್ಟಿ, ಪುಂಡಿಪಲ್ಯ ಮಾಡಿಡುತ್ತೇನೆ. ನನ್ನ ಚಾಪೆ ಇಬ್ಬರಿಗೆ ಸಾಕಾಗುತ್ತದೆ.

ನಿನ್ನ ದಾರಿ ನೋಡುವ ಅವ್ವ,
ಗುಂಡಮ್ಮ

ತಾ.ಕ.: ಹೊಸ ಶೀಟು ಬಂದು ಗೋಡೆಗೆ ಒರಗಿ ನಿಂತಿದೆ. ಹುಲಗೇಶ ದಿನಾ ಬಂದು ಹಾಕಲೇನ್ರಿ ಅಂತಾನೆ. ಮೈ ಬಿಸಿ ಐತಿ, ಇವತ್ತು ಸೋಮವಾರ, ನಾಳೆ ದಿನ ಚಲೋ ಇಲ್ಲ ಅಂತ ಏನೋ ಒಂದು ಹೇಳಿ ಕಳಿಸುತ್ತಿದ್ದೇನೆ. ನೀನು ಬಂದು ಒಮ್ಮೆ ನೋಡಿದ ಮೇಲೆ ಹಾಕಿಸುತ್ತೇನೆ ಅಂತ ಅವನಿಗೆ ಮಾತು ಕೊಟ್ಟಿದ್ದೇನೆ. ಅದಕ್ಕೇ, ಬಾ ಅಂದೆನೆಂದು ನಾಳೆಯೇ ಓಡಿ ಬರಬೇಡ. ಇನ್ನು ನಾಲ್ಕು ಬಿಸಿಲು ಬಿದ್ದುಹೋಗಲಿ.