ಅಪ್ಪನಿಗೆ ನಾನು ಉಣಿಸಿದ ಕಬ್ಬಿಣ

ಮಾರ್ಚ್ ೧೪, ಶನಿವಾರ
ಆಸ್ಪತ್ರೆಯ ಎರಡನೆಯ ಮಹಡಿ

ಪ್ರೀತಿಯ ಅಕ್ಕ,

ಕ್ಷೇಮ ಸಮಾಚಾರ ಆಮೇಲೆ. ನಾನು ಕಳಿಸಿದ್ದ ಕಬ್ಬಿಣಾಂಶದ ಮಾತ್ರೆಗಳನ್ನು ಇಂದಿನಿಂದಲೇ ನಿಲ್ಲಿಸು. ಈ ಪತ್ರವನ್ನು ಓದಿ ಮುಗಿಸುವ ಮೊದಲೇ ಡಬ್ಬಿಯನ್ನು ಕಸಕ್ಕೆ ಎಸೆದರೂ ಸರಿಯೇ.

ಅಪ್ಪನ ಯಕೃತ್ತು ಗಡುಸಾಗಿದೆ. ಇನ್ನು ಸರಿಹೋಗುವ ಹಂತ ದಾಟಿದೆ ಎಂದು ತಜ್ಞರು ಹೇಳಿದರು. ಊಟದಲ್ಲಿನ ಕಬ್ಬಿಣವನ್ನು ಅವರ ದೇಹ ಬೇಕಾದುದಕ್ಕಿಂತ ಹೆಚ್ಚು ಹೀರಿಕೊಂಡು ಒಳಗೇ ಕೂಡಿಡುತ್ತದೆ. ಅದು ಹುಟ್ಟಿನಿಂದಲೇ ಬಂದ ವಂಶವಾಹಿಯ ದೋಷ. ಸಾಧಾರಣ ಊಟ ಮಾಡಿಕೊಂಡಿದ್ದಿದ್ದರೆ ಅದು ಇಷ್ಟು ಬೇಗ ಇಷ್ಟೊಂದು ಕೆಡುಕು ಮಾಡುತ್ತಿರಲಿಲ್ಲವೇನೋ. ಆದರೆ ಮನೆಯಲ್ಲಿ ನಾನಿದ್ದೆ.

ಎರಡು ವರ್ಷದ ಹಿಂದೆ ಅಪ್ಪ ಬೈಂಡಿಂಗ್ ಕೋಣೆಯಲ್ಲಿ ಪುಸ್ತಕ ಹೊಲಿಯುತ್ತ, ಸೂಜಿ ಹಿಡಿದೇ ತೂಕಡಿಸುತ್ತಿದ್ದರಲ್ಲ? ಆಸ್ಪತ್ರೆಗೆ ಹೋಗೋಣವೆಂದು ಅಮ್ಮ ಹೇಳಿದಾಗ, "ಕ್ಲಾಸಿಗೇ ಫಸ್ಟು ಬರೋಳು ಮನೇಲಿದ್ದಾಳೆ, ಇನ್ನೊಬ್ಬರ ಮುಂದೆ ಯಾಕೆ ಕೈ ಚಾಚಲಿ? ಬಾರಮ್ಮ ಡಾಕ್ಟ್ರೇ, ನಾಡಿ ಹಿಡಿ," ಎಂದರು. ನಾನು ಉಬ್ಬಿಹೋದೆ. ರಕ್ತಹೀನತೆ ಎಂದು ತೀರ್ಪು ಕೊಟ್ಟೆ. ದಿನಕ್ಕೆರಡು ಮಾತ್ರೆ, ಅವು ಚೆನ್ನಾಗಿ ಹಿಡಿಯಲಿ ಎಂದು ಮೇಲೊಂದು ಲೋಟ ನಿಂಬೆರಸ, ಅಡುಗೆಯೂ ಕಬ್ಬಿಣದ ಬಾಣಲೆಯಲ್ಲೇ. "ನಿನ್ನ ಮಗಳು ನನ್ನನ್ನ ರೈಲುಕಂಬಿ ಮಾಡ್ತಾಳೆ ಕಣೇ," ಎಂದು ಅಮ್ಮನಿಗೆ ಹೇಳಿ, ನಗುತ್ತಲೇ ನುಂಗಿದರು. ಅವರ ಮೈಬಣ್ಣ ಕಂದುಗಟ್ಟಿದಾಗ ಬಿಸಿಲಿನ ಪರಿಣಾಮವೆಂದೆ. ಬೈಂಡಿಂಗ್ ಕೋಣೆಗೆ ಕಿಟಕಿಯೇ ಇಲ್ಲವೆಂಬುದು ನನಗೆ ಹೊಳೆಯಲಿಲ್ಲ.

ಈ ದೋಷದ ಎರಡು ಪ್ರತಿಗಳು ಅಪ್ಪನಲ್ಲಿವೆ, ಒಂದು ಅಮ್ಮನಲ್ಲಿದೆ. ನನ್ನ ಪರೀಕ್ಷೆ ಆಯಿತು. ನನಗೆ ಬಂದಿರುವುದು ಒಂದೇ, ನಾನು ಪಾರು. ನಿನಗೆ ಅಪ್ಪನಿಂದ ಒಂದು ಬಂದೇ ಇದೆ, ಅಮ್ಮನದೂ ಸೇರಿ ಎರಡೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಆಯಾಸವೆಂದು ನೀನು ಫೋನಿನಲ್ಲಿ ಹೇಳಿದ್ದಷ್ಟಕ್ಕೇ ಅದೇ ಮಾತ್ರೆಗಳನ್ನು ನಿನಗೂ ಕಳಿಸಿದವಳು ನಾನು. ಸೋಮವಾರವೇ ಹೋಗಿ ಪರೀಕ್ಷೆಗೆ ರಕ್ತ ಕೊಡು. ಬೇಗ ತಿಳಿದರೆ, ಆಗಾಗ ಒಂದಿಷ್ಟು ರಕ್ತ ತೆಗೆಸಿಕೊಂಡೇ ಯಕೃತ್ತನ್ನು ಉಳಿಸಿಕೊಳ್ಳಬಹುದು.

ಅಪ್ಪ ನರ್ಸುಗಳ ಮುಂದೆ ಈಗಲೂ, "ನನ್ನ ಮಗಳ ಮಾತ್ರೆ ಇಲ್ದಿದ್ರೆ ಇಷ್ಟು ದಿನ ಬದುಕಿರ್ತಿದ್ನಾ?" ಎನ್ನುತ್ತಾರೆ. ನಾನು ತಿದ್ದಿಲ್ಲ.

ನಿನ್ನ ತಂಗಿ

ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ಮಾತ್ರೆ ಆರಂಭಿಸಿದ ಎರಡನೆಯ ತಿಂಗಳಲ್ಲೇ ಅಮ್ಮ ನನಗೆ ಹೇಳದೆ ಅಪ್ಪನ ರಕ್ತಪರೀಕ್ಷೆ ಮಾಡಿಸಿದ್ದಳು. ವರದಿಯಲ್ಲಿ ಕಬ್ಬಿಣ ಮಿತಿಮೀರಿತ್ತು. ಬೆಳಿಗ್ಗೆ ಮಾತ್ರೆ ನುಂಗಿ ಹೋದರೆ ಹಾಗೆಯೇ ಬರುತ್ತದೆ, ಪುಸ್ತಕದಲ್ಲೇ ಇದೆ ಎಂದು ಅವಳಿಗೆ ವಿವರಿಸಿದೆ. "ಹೌದಾ, ನಂಗೇನ್ ಗೊತ್ತಾಗುತ್ತೆ," ಎಂದು ವರದಿಯನ್ನು ಮಡಿಸಿ ಒಳಗಿಟ್ಟಳು. ಆ ಬೆಳಿಗ್ಗೆ ಅಪ್ಪ ಮಾತ್ರೆ ನುಂಗಿದ್ದರೋ ಇಲ್ಲವೋ, ನಾನು ಕೇಳಲೇ ಇಲ್ಲ.