ಗುಬ್ಬಿಯ ಕ್ಯಾರೆಟ್

ಜುಲೈ 8, ಸೋಮವಾರ

ಇವತ್ತೂ ತರಬೇತಿ. ಅದೇ ಹಾಲ್, ಅದೇ ಕಿರುಗುಟ್ಟುವ ಫ್ಯಾನ್. ಪ್ರೈಮರಿ ಟೀಚರುಗಳೆಲ್ಲ ಮಕ್ಕಳ ಹಾಗೆ ಹಿಂದಿನ ಬೆಂಚಿಗೆ ಮುಗಿಬಿದ್ದೆವು. ತರಬೇತಿ ಕೊಡುವ ಮೇಡಂ ಬಂದವರೇ ಎಲ್ಲರನ್ನೂ ಎಬ್ಬಿಸಿ ಕುಣಿಸಿದರು. ನನ್ನ ಮಂಡಿ ಕಟಕಟ ಅಂದಿತು.

"ಆರೋಗ್ಯದ ವಿಷಯದಲ್ಲಿ ಮಕ್ಕಳು ನೀವು ಹೇಳಿದ್ದನ್ನ ಮಾಡಲ್ಲ, ನೀವು ಮಾಡೋದನ್ನ ಮಾಡ್ತಾರೆ" ಎಂದರು. ಬರೆದುಕೊಂಡೆ. ಬರೆದುಕೊಳ್ಳುತ್ತಲೇ ಬಿಸ್ಕತ್ತು ತಿಂದೆ.

ಜುಲೈ 12, ಶುಕ್ರವಾರ

ನಮ್ಮ ಮೂರನೇ ಕ್ಲಾಸಿನ ಗೋಡೆಗೆ ಚಾರ್ಟ್ ಹಾಕಿದೆ. ಊಟದ ಡಬ್ಬಿಯಲ್ಲಿ ತರಕಾರಿಯೋ ಹಣ್ಣೋ ಇದ್ದರೆ ಹೆಸರಿನ ಮುಂದೆ ಒಂದು ಸ್ಟಾರ್. ಮೇಡಂ ಹೇಳಿಕೊಟ್ಟದ್ದಲ್ಲ, ನನ್ನದೇ ತಲೆ! ಬೆಲ್ ಆದ ಕೂಡಲೇ ಸಾಲು ಸಾಲಾಗಿ ಡಬ್ಬಿ ನೋಡುವುದು, ಸ್ಟಾರ್ ಅಂಟಿಸುವುದು, ಸ್ಟಾಫ್ ರೂಮಿಗೆ ಓಡುವುದು. ಅಲ್ಲಿ ನನ್ನ ಚಹಾ, ನನ್ನ ಬಿಸ್ಕತ್ತು.

ಮನೆಯವರು ಕಾಲೆಳೆದರು. "ನಿನ್ ಡಬ್ಬಿಗೆಷ್ಟು ಸ್ಟಾರು?" ಉರಿದುಹೋಯಿತು.

ಜುಲೈ 22, ಸೋಮವಾರ

ಚಾರ್ಟ್ ತುಂಬಿ ತುಳುಕುತ್ತಿದೆ. ಹೆಡ್ ಮಿಸ್‌ಗೆ ಹಿಗ್ಗೋ ಹಿಗ್ಗು. ಶುಕ್ರವಾರ ತರಬೇತಿಯ ಮೇಡಂ ನೋಡಲು ಬರುತ್ತಾರಂತೆ. ಒಪ್ಪಿಗೆಯಾದರೆ ಮುಂದಿನ ತರಬೇತಿಯಲ್ಲಿ ಟೀಚರುಗಳಿಗೆ ಕಲಿಸುವವಳು ನಾನು... ಇಷ್ಟು ವರ್ಷ ಮಕ್ಕಳ ಮೂಗು ಒರೆಸಿದ್ದೇ ಬಂತು. ಬೇಕು ನನಗೆ ಇದು. ತುಂಬಾ ಬೇಕು.

ಜುಲೈ 25, ಗುರುವಾರ

ತುದಿ ಮುರಿದ, ಸೊಟ್ಟಗಿನ ಕ್ಯಾರೆಟ್. ಮೊದಲ ಸಾಲಿನ ಡಬ್ಬಿಯಲ್ಲಿ ನೋಡಿದೆ. ಎರಡನೇ ಸಾಲಿನಲ್ಲೂ ಅದೇ. ಕೊನೆಯ ಸಾಲಿನಲ್ಲೂ! ನಾನು ಸ್ಟಾರ್ ಅಂಟಿಸಲು ತಿರುಗಿದಾಗಲೆಲ್ಲ ಬೆಂಚಿನ ಕೆಳಗೆ ಅದರ ಪ್ರಯಾಣ. ನಾನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ. ನಗು ಬಂತು.

"ಯಾರದ್ದು ಇದು?"

ಕೊನೆಗೆ ಗುಬ್ಬಿ ಎದ್ದಳು. ಕ್ಲಾಸಿಗೇ ಸಣ್ಣವಳು, ಹೆಸರೂ ಕ್ಲಾಸೇ ಇಟ್ಟದ್ದು.

"ನಂದು ಮಿಸ್. ಸೋಮವಾರ ಅಮ್ಮ ಕೊಟ್ಟಿದ್ದು."

"ಮತ್ಯಾಕೆ ತಿಂದಿಲ್ಲ? ಇಷ್ಟ ಇಲ್ವಾ?"

"ತುಂಬಾ ಇಷ್ಟ ಮಿಸ್. ತಿಂದ್ಬಿಟ್ರೆ ಇವರಿಗೆಲ್ಲ ಸ್ಟಾರ್ ಸಿಗಲ್ವಲ್ಲ."

ಆಸೆಯಿಂದ ತಿನ್ನುವ ಮಗುವಿನ ಬಾಯಿಗೆ ಬೀಗ ಹಾಕಿದ್ದು ನನ್ನ ಚಾರ್ಟ್.

ಹೆಡ್ ಮಿಸ್‌ಗೆ ಹೇಳಿದೆ. "ನಾಳೆ ಒಂದಿನ ಸುಮ್ನಿರಮ್ಮ. ಆಮೇಲೆ ಬೇಕಾದ್ರೆ ಹರಿದುಹಾಕು" ಎಂದರು. ಸುಮ್ಮನಿದ್ದರೆ ಆಸೆಪಟ್ಟದ್ದು ಕೈಗೆ ಬರುತ್ತದೆ. ಆದರೆ ನಾನು ಸುಮ್ಮನಿದ್ದದ್ದು ಮಕ್ಕಳಿಗೆ ಗೊತ್ತಿರುತ್ತದೆ.

ಜುಲೈ 26, ಶುಕ್ರವಾರ, ಸಂಜೆ

ಬೆಳಗ್ಗೆಯೇ ಚಾರ್ಟ್ ಇಳಿಸಿದೆ. ಮೇಡಂ ಬಂದು ಟೇಪಿನ ಕಲೆಯಷ್ಟೇ ಉಳಿದ ಗೋಡೆ ನೋಡಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಹೆಡ್ ಮಿಸ್ ಮುಖ ಸುಟ್ಟ ಬದನೆಕಾಯಿ. ಮೇಡಂ ಹಿಂದೆ ಹೋಗಿ ಕುಳಿತರು. ಕೈತಪ್ಪಿತು ಅಂದುಕೊಂಡೆ. ಸಂಕಟವಾಯಿತು, ಸುಳ್ಳೇಕೆ.

ಊಟದ ಬೆಲ್. ಸ್ಟಾಫ್ ರೂಮಿಗೆ ಹೋಗಲಿಲ್ಲ. ಗುಬ್ಬಿಯ ಪಕ್ಕ ಕುಳಿತು ಡಬ್ಬಿ ತೆರೆದೆ — ಬಿಸ್ಕತ್ತು! ಗಡಿಬಿಡಿಯಲ್ಲಿ ಅದೇ ತುಂಬಿಕೊಂಡು ಬಂದಿದ್ದೆ. ಇಡೀ ಸಾಲು ಇಣುಕಿತು. ಅಷ್ಟರಲ್ಲಿ ಮೇಡಂ ಎದ್ದು ಡಬ್ಬಿಗಳನ್ನು ನೋಡುತ್ತಾ ನಮ್ಮ ಕಡೆಗೇ ಬಂದರು.

ಬೆಂಚಿನ ಕೆಳಗೆ ಮಂಡಿಗೆ ಏನೋ ತಗುಲಿತು. ನಿನ್ನೆಯ ಅದೇ ಸೊಟ್ಟ ಕ್ಯಾರೆಟ್, ಇನ್ನಷ್ಟು ಬಾಡಿದ್ದು.

"ಬೇಗ ಇಟ್ಕೊಳ್ಳಿ ಮಿಸ್" ಗುಬ್ಬಿಯ ಪಿಸುಮಾತು. "ನಮ್ ಸಾಲಿಗೇ ಬರ್ತಿದ್ದಾರೆ!"

ಡಬ್ಬಿ ಮುಚ್ಚಲಿಲ್ಲ. ಮೇಡಂ ನೋಡುತ್ತಿರುವಾಗಲೇ ಕ್ಯಾರೆಟ್ ಗುಬ್ಬಿಯ ಕೈಗೆ ವಾಪಸ್ ಇಟ್ಟೆ.

"ನೀನು ತಿನ್ನು ಪುಟ್ಟಾ."

ನನ್ನ ಮುಖ ನೋಡಿದಳು. ಮೇಡಂ ಮುಖ ನೋಡಿದಳು. ಕಚ್ಚಿದಳು. ಬಾಯಿ ತುಂಬಾ ಅಗಿಯುತ್ತಲೇ ಕೇಳಿದಳು, "ಸೋಮವಾರ ನಿಮ್ಗೂ ಒಂದು ತರ್ಲಾ ಮಿಸ್? ತಿನ್ನೋಕೆ?"

ಹೂಂ ಅಂದೆ, ಮೇಡಂಗೂ ಕೇಳಿಸುವಷ್ಟು ಜೋರಾಗಿ.